ಹನ್ನೊಂದು ಟೇಬಲ್, ಒಂದೇ ಕ್ವೆರಿ: ನನ್ನ ಅನುಭವ

ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್. ಆರ್ಡರುಗಳ ಒಂದು ರಿಪೋರ್ಟಿಗೆ ಅದರ ಹನ್ನೊಂದು ಟೇಬಲ್ಲನ್ನು ಒಂದೇ ಕ್ವೆರಿಯಲ್ಲಿ (ಡೇಟಾ ಕೇಳುವ ಆದೇಶ) ಜಾಯಿನ್ ಮಾಡಬೇಕಿತ್ತು, ಅಂದರೆ ಒಂದಕ್ಕೊಂದು ಜೋಡಿಸಬೇಕಿತ್ತು. "ಹನ್ನೊಂದು ಟೇಬಲ್ ಜಾಯಿನ್ ಮಾಡಿದರೆ ಪೋಸ್ಟ್‌ಗ್ರೆಸ್ ಮೇಲೇಳೋದಿಲ್ಲ, ಎಲ್ಲ ಒಂದೇ ಟೇಬಲ್ಲಿಗೆ ಸುರಿದುಬಿಡು" ಅಂತ ತಂಡದಲ್ಲಿ ಎಲ್ಲರದ್ದೂ ಒಂದೇ ಮಾತು. ಈಗ ಅದೇ ರಿಪೋರ್ಟ್ ಎರಡು ಸೆಕೆಂಡಿನ ಆಸುಪಾಸಿನಲ್ಲಿ ಬರುತ್ತಿದೆ, ಲೆಕ್ಕವೂ ತಾಳೆಯಾಗುತ್ತಿದೆ.

ನಿಧಾನಕ್ಕಿಂತ ದೊಡ್ಡ ತಲೆನೋವು ತಪ್ಪು ಮೊತ್ತ. ಒಂದು ಆರ್ಡರಿಗೆ 3 ಐಟಂ, 2 ಪಾವತಿ ಇವೆ ಅನ್ನಿ. ಎರಡನ್ನೂ ಜಾಯಿನ್ ಮಾಡಿದ ಕೂಡಲೇ 6 ಸಾಲು: ಐಟಂ ಮೊತ್ತ ಇಮ್ಮಡಿ, ಪಾವತಿ ಮುಮ್ಮಡಿ. ಇದಕ್ಕೆ ಮದ್ದು ಅಂತ ಹಿಂದಿನವರು ಸಮ್ (ಕೂಡಿಸುವ ಆದೇಶ) ಒಳಗೆ ಡಿಸ್ಟಿಂಕ್ಟ್ (ಒಂದೇ ಮೊತ್ತ ಮತ್ತೆ ಬಂದರೆ ಒಮ್ಮೆ ಮಾತ್ರ ಎಣಿಸುವುದು) ಹಾಕಿದ್ದರು. ಒಂದೇ ಮೊತ್ತದ ಎರಡು ಕಂತು ಕಟ್ಟಿದ ಗ್ರಾಹಕರ ಒಂದು ಕಂತು ಅಲ್ಲೇ ಮಾಯ! ತಿಂಗಳುಗಟ್ಟಲೆ ಹಣದ ಲೆಕ್ಕ ಕೂಡಿಬರಲಿಲ್ಲ. ನಾನು ಐಟಂ, ಪಾವತಿ, ವಾಪಸಾತಿ ಮೂರನ್ನೂ ಬೇರೆ ಬೇರೆ ಸಬ್‌ಕ್ವೆರಿಯಲ್ಲಿ (ಕ್ವೆರಿಯೊಳಗಿನ ಕ್ವೆರಿ) ಆರ್ಡರ್ ಐಡಿ ಮೇಲೆ ಗ್ರೂಪ್ ಬೈ ಮಾಡಿದೆ, ಅಂದರೆ ಆರ್ಡರುವಾರು ಒಟ್ಟುಗೂಡಿಸಿದೆ. ಆರ್ಡರಿಗೆ ಒಂದೊಂದೇ ಸಾಲಾದ ಮೇಲೆ ಲೆಫ್ಟ್ ಜಾಯಿನ್ (ಜೋಡಿ ಸಿಗದ ಆರ್ಡರನ್ನೂ ಉಳಿಸಿಕೊಳ್ಳುವ ಜಾಯಿನ್). ಪಾವತಿ ದಿನಾಂಕದ ಷರತ್ತನ್ನೂ ಹೊರಗಿನ ಕ್ವೆರಿಯ ಸೋಸುವ ಭಾಗವಾದ ವೇರ್‌ನಿಂದ ಕಿತ್ತು ಸಬ್‌ಕ್ವೆರಿಯ ಒಳಗಿಟ್ಟೆ. ಹೊರಗಿದ್ದಾಗ ಪಾವತಿಯೇ ಆಗದ ಆರ್ಡರುಗಳು ಉದುರಿಹೋಗುತ್ತಿದ್ದವು.

ವೇಗಕ್ಕೆಂದು ಅಷ್ಟರಲ್ಲಾಗಲೇ ದೊಡ್ಡ ಸರ್ವರ್ ಬಂದಿತ್ತು. ಬಿಲ್ ಹತ್ತಿರಹತ್ತಿರ ದುಪ್ಪಟ್ಟಾಯಿತು, ರಿಪೋರ್ಟ್ ಮಾತ್ರ ನಾಲ್ಕೈದು ನಿಮಿಷ ಬಿಟ್ಟು ಕದಲಲಿಲ್ಲ. ವರ್ಕ್ ಮೆಮ್ (ಕ್ವೆರಿಯ ಒಂದೊಂದು ಕೆಲಸ ಬಳಸಬಹುದಾದ ಮೆಮೊರಿಯ ಮಿತಿ) ಡೀಫಾಲ್ಟ್ 4 ಎಂಬಿಯಲ್ಲೇ ಕೂತಿದ್ದರೆ ಮೆಮೊರಿ ಎಷ್ಟಿದ್ದೇನು, ದೊಡ್ಡ ಹ್ಯಾಶ್ (ಜಾಯಿನ್‌ಗೆಂದು ಕಟ್ಟುವ ತಾತ್ಕಾಲಿಕ ಪಟ್ಟಿ) ಡಿಸ್ಕಿಗೇ ಇಳಿಯುತ್ತದೆ. ರಿಪೋರ್ಟ್ ಓಡುವ ಸೆಷನ್ನಿಗೆ ಮಾತ್ರ ಅದನ್ನು ಏರಿಸಿದೆ.

ನಿಜವಾದ ಕಾಯಿಲೆ, ಕ್ವೆರಿ ಹೇಗೆ ಓಡಿತೆಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್‌ನಲ್ಲಿ ಕಂಡಿತು. ಪ್ಲಾನರ್ (ಕ್ವೆರಿ ಓಡಿಸುವ ದಾರಿ ಆರಿಸುವ ಭಾಗ) ಇಪ್ಪತ್ತು ಸಾಲು ಬರಬಹುದೆಂದು ನೆಸ್ಟೆಡ್ ಲೂಪ್ (ಒಂದೊಂದು ಸಾಲಿಗೂ ಇನ್ನೊಂದು ಟೇಬಲ್ಲಲ್ಲಿ ಹುಡುಕುವ ವಿಧಾನ) ಹಿಡಿದ ಕಡೆ ಲಕ್ಷ, ಎರಡು ಲಕ್ಷ ಬರುತ್ತಿದ್ದವು. ವಿಭಾಗ, ಉಪವಿಭಾಗ ಒಂದಕ್ಕೊಂದು ಅಂಟಿಕೊಂಡ ಕಾಲಂಗಳು ಅನ್ನುವುದು ಅದಕ್ಕೆ ಗೊತ್ತಿರಲಿಲ್ಲ. ಆ ನಂಟನ್ನು ಅಳೆಯಲು ಹೇಳುವ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಕೊಟ್ಟು, ಅಂಕಿಅಂಶ ಕಲೆಹಾಕುವ ಅನಲೈಸ್ ಓಡಿಸಿದೆ. ಅರ್ಧ ಸಮಯ ಅಲ್ಲೇ ಉಳಿಯಿತು. ಆಮೇಲೆ ಜಾಯಿನ್ ಕೊಲ್ಯಾಪ್ಸ್ ಲಿಮಿಟ್. ಅದರ ಡೀಫಾಲ್ಟ್ 8. ಅದಕ್ಕಿಂತ ಹೆಚ್ಚು ಟೇಬಲ್ ಇದ್ದರೆ ಪ್ಲಾನರ್ ಎಲ್ಲ ಕ್ರಮಗಳನ್ನೂ ನೋಡುವುದಿಲ್ಲ, ನಾವು ಬರೆದ ಕ್ರಮವೇ ಕಾಲಿಗೆ ಕಟ್ಟಿಕೊಳ್ಳುತ್ತದೆ. 12ಕ್ಕೆ ಏರಿಸಿದೆ. ಕುತೂಹಲಕ್ಕೆ 1ಕ್ಕೆ ಇಳಿಸಿ ಕ್ರಮವನ್ನು ಕೈಯಾರೆ ಬರೆದೂ ನೋಡಿದೆ: ಕೊಂಚ ಇನ್ನೂ ವೇಗ, ಆದರೆ ಡೇಟಾ ಬೆಳೆದರೆ ಆ ಕ್ರಮ ಹಳಸುತ್ತದೆ. ಅದಕ್ಕೇ ಬಿಟ್ಟೆ.

ಸಬ್‌ಕ್ವೆರಿಗಳ ಬದಲು ಲ್ಯಾಟರಲ್ (ಪ್ರತಿ ಆರ್ಡರಿಗೂ ಒಳಗಿನ ಕ್ವೆರಿಯನ್ನು ಬೇರೆಯಾಗಿ ಓಡಿಸುವುದು) ಹಾಕಿಯೂ ನೋಡಿದ್ದೇನೆ: ನೂರಿನ್ನೂರು ಆರ್ಡರಿಗೆ ಅದೇ ಮೇಲು, ಇಡೀ ತಿಂಗಳದ್ದಕ್ಕೆ ಮುಗ್ಗರಿಸುತ್ತದೆ. ಹಳೆಯ ಸಣ್ಣ ಸರ್ವರಿಗೇ ಮರಳಿದ್ದೇವೆ.