ಬೇರಿಂಗ್ ಲೆಕ್ಕ, ಶಾಫ್ಟ್ ಲೆಕ್ಕ

ಬಿಡಿಭಾಗಗಳ ಸ್ಟೋರಿನ ಹೊಣೆ ನನ್ನ ಹೆಗಲಿಗೆ ಬಿದ್ದಾಗ ಅಲ್ಲಿ ಎರಡು ದೂರುಗಳು ಕಾಯಂ ಆಗಿದ್ದವು. ಅಕೌಂಟ್ಸ್‌ನವರು ‘ಇಷ್ಟೊಂದು ದುಡ್ಡು ಕಪಾಟಿನಲ್ಲಿ ಕೊಳೀತಾ ಬಿದ್ದಿದೆ’ ಅನ್ನುತ್ತಿದ್ದರು. ಮೇಂಟೆನೆನ್ಸ್‌ನವರು ‘ಬೇಕಾದ ಹೊತ್ತಿಗೆ ಬೇಕಾದ್ದು ಸಿಗೋದೇ ಇಲ್ಲ’ ಅನ್ನುತ್ತಿದ್ದರು. ಇಬ್ಬರ ಮಾತೂ ನಿಜವಾಗಿತ್ತು. ಮೂರು ವರ್ಷದಿಂದ ಯಾರೂ ಮುಟ್ಟದ ಸಾಮಾನು ಕಪಾಟು ತುಂಬ ಇತ್ತು, ದಿನಾ ಬೇಕಾಗುವ ಬೇರಿಂಗಿನ ಡಬ್ಬಿ ಮಾತ್ರ ಖಾಲಿ.

ಕಾಲೇಜಿನಲ್ಲಿ ಓದಿದ್ದ ಗಣಿತವನ್ನು ಕೆಲಸಕ್ಕೆ ಹಚ್ಚಬೇಕು ಅನ್ನಿಸಿದ್ದು ಆಗಲೇ. ಶುರು ಮಾಡಿದ್ದು ಎಲ್ಲರಿಗೂ ಗೊತ್ತಿರುವ ಸೂತ್ರದಿಂದ: ಒಂದು ಸಲಕ್ಕೆ ಎಷ್ಟು ತರಿಸಬೇಕು? ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲೇ ಇದಕ್ಕೆ ಉತ್ತರ ಬರೆದಿಟ್ಟಿದ್ದ. 1934ರಲ್ಲಿ ಇದೇ ವಿಷಯದ ಮೇಲೆ ಬರೆದ ವಿಲ್ಸನ್ ಹೆಸರಿನಲ್ಲಿ ಅದು ಬಹುಕಾಲ ಓಡಾಡಿತು, ಅದು ಬೇರೆ ಕಥೆ. ವರ್ಷದ ಬೇಡಿಕೆಯನ್ನು ಒಂದು ಆರ್ಡರಿನ ಖರ್ಚಿನಿಂದ ಗುಣಿಸಿ, ಅದನ್ನು ಇಮ್ಮಡಿ ಮಾಡಿ, ಒಂದು ನಗವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯುವುದು. ಅಷ್ಟೇ.

ಹಣದ ಅಂಕಿ ಕಂಡ ಕೂಡಲೇ ಜನ ಅದರ ಮೇಲೆ ವಾದಕ್ಕೆ ನಿಲ್ಲುತ್ತಾರೆ. ಅದಕ್ಕೇ ನಾನು ಎಲ್ಲ ಖರ್ಚನ್ನೂ ಬೇರಿಂಗಿನಲ್ಲೇ ಅಳೆದೆ. ವರ್ಷಕ್ಕೆ 2000 ಬೇರಿಂಗ್ ಬೇಕು. ಒಂದು ಆರ್ಡರ್ ಹಾಕಿ, ಸರಕು ಇಳಿಸಿ, ತಪಾಸಣೆ ಮಾಡಿ, ಬಿಲ್ ಪಾಸ್ ಮಾಡುವಷ್ಟರಲ್ಲಿ 2 ಬೇರಿಂಗಿನ ಬೆಲೆ ಖರ್ಚಾಗುತ್ತದೆ. ಒಂದು ಬೇರಿಂಗನ್ನು ವರ್ಷವಿಡೀ ಇಟ್ಟುಕೊಂಡರೆ ಅದರ ಬೆಲೆಯ ಐದನೇ ಒಂದು ಭಾಗ ಹೋಗುತ್ತದೆ. ಸೂತ್ರ ಕೊಟ್ಟ ಉತ್ತರ 200. ವರ್ಷಕ್ಕೆ ಹತ್ತು ಆರ್ಡರ್, ಅದಕ್ಕೆ 20 ಬೇರಿಂಗ್. ಸರಾಸರಿ ದಾಸ್ತಾನು 100, ಅದನ್ನು ಇಟ್ಟುಕೊಳ್ಳಲು ಇನ್ನೊಂದು 20. ಒಟ್ಟು 40 ಬೇರಿಂಗಿನಷ್ಟು ಖರ್ಚು. ಮೊದಲು ಮೂರು ತಿಂಗಳಿಗೊಮ್ಮೆ 500 ತರಿಸುತ್ತಿದ್ದರು, ಅದರ ಲೆಕ್ಕ 58ಕ್ಕೆ ಬರುತ್ತಿತ್ತು.

ಆ 200ನ್ನು ಹಿಡಿದುಕೊಂಡು ಸಪ್ಲೈಯರ್ ಜೊತೆ ಎರಡು ವಾರ ಜಗಳಾಡಿದೆ. ಅವರ ಪೆಟ್ಟಿಗೆಯಲ್ಲಿ 240 ಇರುತ್ತಿತ್ತು, ಪೆಟ್ಟಿಗೆ ಒಡೆದು ಕೊಡಲು ಅವರು ಒಪ್ಪಲಿಲ್ಲ. ಕೊನೆಗೊಂದು ಸಂಜೆ ಬೇಸರದಿಂದ 240ಕ್ಕೇ ಲೆಕ್ಕ ಹಾಕಿ ನೋಡಿದೆ. ಖರ್ಚು 40ರ ಬದಲು 40.67. ನೂರಕ್ಕೆ ಎರಡರಷ್ಟೂ ವ್ಯತ್ಯಾಸವಿಲ್ಲ! 300 ತರಿಸಿದರೂ ಹೆಚ್ಚಾಗುವುದು ನೂರಕ್ಕೆ 8 ಮಾತ್ರ. ಸೂತ್ರ ಹೇಳಿದ್ದರ ಅರ್ಧ ತರಿಸಿದರೂ ಅಷ್ಟೇ, ಎರಡು ಪಟ್ಟು ತರಿಸಿದರೂ ಅಷ್ಟೇ, ಖರ್ಚು ಏರುವುದು ನೂರಕ್ಕೆ 25. ಖರ್ಚಿನ ಗೆರೆ ತಳದಲ್ಲಿ ತಟ್ಟೆಯ ಹಾಗೆ ಚಪ್ಪಟೆ. ಎರಡು ವಾರ ನಾನು ಗುದ್ದಾಡಿದ್ದು ಮುಕ್ಕಾಲು ಬೇರಿಂಗಿನಷ್ಟೂ ಇಲ್ಲದ ಉಳಿತಾಯಕ್ಕೆ. ಮರುದಿನವೇ ಪೆಟ್ಟಿಗೆ ಲೆಕ್ಕಕ್ಕೆ ಒಪ್ಪಿಕೊಂಡೆ.

‘ಎಷ್ಟು ತರಿಸಬೇಕು’ ಎಂಬಲ್ಲಿ ಇಷ್ಟು ಸಡಿಲವಿದ್ದರೆ ‘ಯಾವಾಗ ತರಿಸಬೇಕು’ ಎಂಬಲ್ಲೂ ಇರಬಹುದು ಅಂದುಕೊಂಡೆ. ಪೆಟ್ಟು ತಿಂದದ್ದು ಅಲ್ಲಿ.

ದಿನಕ್ಕೆ ಸರಾಸರಿ 8 ಬೇರಿಂಗ್ ಹೋಗುತ್ತಿತ್ತು, ಅದರ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಆಚೀಚೆ ಆಗುವ ಏರಿಳಿತದ ಅಳತೆ, 4. ಆರ್ಡರ್ ಹಾಕಿದ 16 ಕೆಲಸದ ದಿನಕ್ಕೆ ಸರಕು ಬರುತ್ತದೆ ಎಂದು ಸಪ್ಲೈಯರ್ ಕಾಗದದಲ್ಲಿ ಬರೆದುಕೊಟ್ಟಿದ್ದರು. ಹದಿನಾರು ದಿನಕ್ಕೆ 128 ಬೇಕು. ಏರಿಳಿತ ದಿನಗಳ ಲೆಕ್ಕದಲ್ಲಿ ನೇರವಾಗಿ ಬೆಳೆಯುವುದಿಲ್ಲ, ಅವುಗಳ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. ಅಂದರೆ 4ರ ನಾಲ್ಕು ಪಟ್ಟು, 16. ಆರ್ಡರಿನ ಇಪ್ಪತ್ತು ಸುತ್ತಿನಲ್ಲಿ ಒಂದು ಸಲ ಮಾತ್ರ ಖಾಲಿಯಾದರೆ ಸಾಕು ಎಂದು, ಅದಕ್ಕೆ ಸಂಖ್ಯಾಶಾಸ್ತ್ರದ ಕೋಷ್ಟಕ ಕೊಡುವ 1.645ರಿಂದ ಗುಣಿಸಿದರೆ 26. ಹಾಗಾಗಿ ಡಬ್ಬಿಯಲ್ಲಿ 154 ಉಳಿದಾಗ ಆರ್ಡರ್. ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ 154 ಎಂದು ನಾನೇ ಬರೆದೆ.

ಮೊದಲ ವರ್ಷದಲ್ಲೇ ಎರಡು ಸಲ ಡಬ್ಬಿ ಖಾಲಿಯಾಯಿತು. ಎರಡನೆಯ ಸಲ ಮೇಂಟೆನೆನ್ಸ್ ಮುಖ್ಯಸ್ಥರು ಸ್ಟೋರಿನ ಬಾಗಿಲಲ್ಲೇ ನಿಂತು, ‘ಏನ್ರೀ, ನಿಮ್ಮ ಗಣಿತ ಬರೋಕೆ ಮುಂಚೆ ಒಂದಾದ್ರೂ ಸಿಗ್ತಿತ್ತಲ್ರೀ’ ಅಂದರು. ನಾನು ಸುಮ್ಮನಿದ್ದೆ.

ಉತ್ತರ ಸಿಕ್ಕಿದ್ದು ಇನ್‌ವರ್ಡ್ ರಿಜಿಸ್ಟರಿನಲ್ಲಿ. ಹಳೆಯ ಪುಟ ತೆಗೆದು, ಆರ್ಡರ್ ಹೋದ ದಿನ ಒಂದು ಕಡೆ, ಸರಕು ಬಂದ ದಿನ ಇನ್ನೊಂದು ಕಡೆ ಬರೆಯುತ್ತಾ ಹೋದೆ. ಸರಾಸರಿ 16ಕ್ಕೇ ಬಂತು, ಸಪ್ಲೈಯರ್ ಸುಳ್ಳು ಹೇಳಿರಲಿಲ್ಲ. ಆದರೆ ಒಂದು ಸಲ 9ನೇ ದಿನಕ್ಕೆ ಬಂದಿತ್ತು, ಇನ್ನೊಂದು ಸಲ 27ನೇ ದಿನಕ್ಕೆ. ಆ ದಿನಗಳ ಮಾನಕ ವಿಚಲನೆ 5. ನನ್ನ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಬಳಕೆಯ ಏರಿಳಿತದ ಪಾಲು 16 ದಿನ ಗುಣಿಲೆ 4ರ ವರ್ಗ, ಅಂದರೆ 256. ತಡವಾಗುವುದರ ಪಾಲು ದಿನದ ಬಳಕೆ 8ರ ವರ್ಗ ಗುಣಿಲೆ 5ರ ವರ್ಗ, ಅಂದರೆ 1600. ಎರಡನ್ನೂ ಕೂಡಿಸಿ ವರ್ಗಮೂಲ ತೆಗೆದರೆ 43. ನಾನು ಹಿಡಿದಿದ್ದು 16! ನೂರಕ್ಕೆ 5 ಅಂದುಕೊಂಡಿದ್ದ ಅಪಾಯ ನಿಜದಲ್ಲಿ ನೂರಕ್ಕೆ 27 ಇತ್ತು. ವರ್ಷಕ್ಕೆ ಎಂಟು ಆರ್ಡರ್ ಹೋಗುವಾಗ ಎರಡು ಸಲ ಖಾಲಿಯಾದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕಾಪು ದಾಸ್ತಾನು, ಅಂದರೆ ಏರಿಳಿತಕ್ಕೆಂದು ಹೆಚ್ಚಿಗೆ ಇಡುವ ಸರಕು, 26 ಸಾಲದು, 71 ಬೇಕು. ಕಾರ್ಡಿನ ಮೇಲಿನ 154 ಹೊಡೆದುಹಾಕಿ 199 ಬರೆದೆ.

ಆ ಹೊತ್ತಿಗೆ ನಮ್ಮಲ್ಲಿ ಬಳಕೆಯನ್ನು ಮುಂಗಾಣಲು ಹೊಸ ಸಾಫ್ಟ್‌ವೇರ್ ಕೊಳ್ಳುವ ಮಾತು ನಡೆದಿತ್ತು. ಅದು ಏನು ಕೊಡಬಲ್ಲದು ಎಂದು ಇದೇ ಸೂತ್ರದಲ್ಲಿ ಹಾಕಿ ನೋಡಿದೆ. ಸಾಫ್ಟ್‌ವೇರ್ ಪವಾಡ ಮಾಡಿ ದಿನದ ಬಳಕೆಯ ಏರಿಳಿತವನ್ನು 4ರಿಂದ 2ಕ್ಕೆ ಇಳಿಸಿತು ಅಂತಿಟ್ಟುಕೊಳ್ಳಿ, ಕಾಪು ದಾಸ್ತಾನು 71ರಿಂದ 67ಕ್ಕೆ ಬರುತ್ತದೆ. ಅದರ ಬದಲು ಸರಕು ಬರುವ ದಿನದ ಏರಿಳಿತವನ್ನು 5ರಿಂದ ಎರಡೂವರೆಗೆ ಇಳಿಸಿದರೆ ಅದು 42ಕ್ಕೆ ಬರುತ್ತದೆ. ಒಂದರಿಂದ ನಾಲ್ಕು ಬೇರಿಂಗ್ ಉಳಿತಾಯ, ಇನ್ನೊಂದರಿಂದ ಇಪ್ಪತ್ತೊಂಬತ್ತು. ಸಾಫ್ಟ್‌ವೇರ್ ಫೈಲನ್ನು ಪಕ್ಕಕ್ಕಿಟ್ಟು ಫೋನ್ ಎತ್ತಿಕೊಂಡೆ. ‘ನೀವು ಬೇಗ ಕಳಿಸೋದು ಬೇಡ, ಹೇಳಿದ ದಿನಕ್ಕೆ ಕಳಿಸಿ’ ಅಂದಾಗ ಸಪ್ಲೈಯರ್‌ಗೆ ಮೊದಲು ಅರ್ಥವಾಗಲಿಲ್ಲ. ಎಲ್ಲ ಗಿರಾಕಿಗಳೂ ಬೇಗ ಬೇಗ ಅಂತಲೇ ಪೀಡಿಸುತ್ತಾರಂತೆ.

ಇದರ ನಡುವೆ ಒಂದು ಅಪಾರ್ಥವನ್ನೂ ಬಿಡಿಸಬೇಕಾಯಿತು. ನೂರಕ್ಕೆ 95 ಅಂದಾಗ ನಮ್ಮ ಮೇಲಿನವರು, ನೂರು ಬೇರಿಂಗ್ ಕೇಳಿದರೆ ಐದು ಸಿಗುವುದಿಲ್ಲ ಅಂದುಕೊಂಡಿದ್ದರು. ಅದು ಆರ್ಡರಿನ ಸುತ್ತುಗಳ ಲೆಕ್ಕ: ನೂರು ಸುತ್ತಿನಲ್ಲಿ 95ರಲ್ಲಿ ಡಬ್ಬಿ ಖಾಲಿಯಾಗುವುದಿಲ್ಲ. ಒಂದು ಸುತ್ತಿನಲ್ಲಿ ಸರಾಸರಿ ಕೊರತೆ ಬೀಳುವುದು ಒಂದು ಬೇರಿಂಗಿಗಿಂತ ಕಡಿಮೆ, ಅದೂ 240ರಲ್ಲಿ. ಹಾಗೆ ನೋಡಿದರೆ ಕೇಳಿದ್ದರಲ್ಲಿ ನೂರಕ್ಕೆ 99.6 ಕೈಗೆ ಸಿಗುತ್ತದೆ. ಯಾವ ಶೇಕಡಾ ಎಂದು ಮೊದಲೇ ಕೇಳಿಕೊಳ್ಳದೆ ಗುರಿ ನಿಗದಿ ಮಾಡಿದವರು ಬೇಡದ ಸರಕಿಗೆ ದುಡ್ಡು ಸುರಿಯುತ್ತಾರೆ.

ನಿಜವಾಗಿ ಕಷ್ಟ ಕೊಟ್ಟದ್ದು ಶಾಫ್ಟ್. ಬೇರಿಂಗಿನ ಹಾಗೆ ದಿನಾ ಹೋಗುವ ಸಾಮಾನಲ್ಲ ಅದು. ವರ್ಷಕ್ಕೆ ಸರಾಸರಿ ಎರಡು ಬೇಕಾಗುತ್ತದೆ, ಆರ್ಡರ್ ಹಾಕಿದರೆ ಬರಲು ನಾಲ್ಕು ತಿಂಗಳು, ಬೆಲೆಯೋ ಕೈ ಸುಡುವಂಥದ್ದು. ಕಪಾಟಿನಲ್ಲಿ ಆರು ಇದ್ದವು. ಯಾಕೆ ಆರು ಅಂದರೆ, ಯಾವತ್ತೋ ಒಂದು ಸಲ ಇಲ್ಲದೆ ಪಾಡು ಪಟ್ಟಿದ್ದರಂತೆ.

ಎಷ್ಟು ಇಡಬೇಕು ಎಂದು ತೀರ್ಮಾನಿಸಲು ಒಂದು ಅಂಕಿ ಬೇಕು: ಶಾಫ್ಟ್ ಇಲ್ಲದ ಒಂದು ಸಲಕ್ಕೆ ಎಷ್ಟು ನಷ್ಟ? ಮುಖ್ಯಸ್ಥರನ್ನು ಕೇಳಿದರೆ, ‘ಅದನ್ನೆಲ್ಲ ಲೆಕ್ಕ ಹಾಕೋಕಾಗಲ್ಲ, ಖಾಲಿ ಆಗಲೇಬಾರದು’ ಅಂದರು. ಎರಡು ಮೀಟಿಂಗ್ ಅಲ್ಲಿಗೇ ಮುಗಿದವು. ಮೂರನೆಯದಕ್ಕೆ ಪ್ರಶ್ನೆಯನ್ನೇ ತಿರುಗಿಸಿಕೊಂಡು ಹೋದೆ. ಅಪರೂಪಕ್ಕೆ, ಒಂದಕ್ಕೊಂದು ಸಂಬಂಧವಿಲ್ಲದೆ ಬರುವ ಬೇಡಿಕೆಗೆ ಪಾಯ್ಸಾನ್ ಹಂಚಿಕೆ ಹೊಂದುತ್ತದೆ; ಸರಾಸರಿ ಗೊತ್ತಿದ್ದರೆ ಎಷ್ಟು ಸಲ ಬರುವ ಸಂಭವ ಎಷ್ಟು ಎಂದು ಹೇಳುವ ಸೂತ್ರ ಅದು. ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತ ಸೈನಿಕರ ಲೆಕ್ಕವನ್ನು ಸಂಖ್ಯಾಶಾಸ್ತ್ರಜ್ಞ ಬೋರ್ಟ್‌ಕೀವಿಚ್ 1898ರಲ್ಲಿ ಇದರಿಂದಲೇ ವಿವರಿಸಿದ್ದ. ನಾಲ್ಕು ತಿಂಗಳಿಗೆ ಸರಾಸರಿ ಮೂರನೇ ಎರಡು ಶಾಫ್ಟ್ ಎಂದು ಹಿಡಿದು, ಒಂದು ಹೋದ ಕೂಡಲೇ ಇನ್ನೊಂದಕ್ಕೆ ಆರ್ಡರ್ ಹಾಕುವುದಾದರೆ ಏನಾಗುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದೆ. ಒಂದು ಶಾಫ್ಟ್ ಇಟ್ಟರೆ ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಕೈ ಖಾಲಿ. ಎರಡಿಟ್ಟರೆ ಮೂರೂವರೆ ವರ್ಷಕ್ಕೊಮ್ಮೆ. ಮೂರಿಟ್ಟರೆ ಹದಿನಾರು ವರ್ಷಕ್ಕೊಮ್ಮೆ. ನಾಲ್ಕಿಟ್ಟರೆ ನೂರು ವರ್ಷಕ್ಕೊಮ್ಮೆ.

ಅವರು ಹಾಳೆಯನ್ನು ದೂರ ಹಿಡಿದು ಓದಿದರು. ‘ಹದಿನಾರು ವರ್ಷನಾ? ಹಂಗಾದ್ರೆ ಮೂರು ಸಾಕಲ್ರೀ.’

‘ಮೂರು ಸಾಕು ಅಂದ್ರೆ ಸರ್, ಒಂದು ಸಲ ಖಾಲಿಯಾದರೆ ಆಗೋ ನಷ್ಟ ಶಾಫ್ಟಿನ ಬೆಲೆಯ ನಾಲ್ಕು ಪಟ್ಟಿಗಿಂತ ಕಡಿಮೆ ಅಂತ ನೀವು ಹೇಳಿದ ಹಾಗಾಯ್ತು’ ಅಂದೆ. ನಾಲ್ಕನೆಯದನ್ನು ಇಡುವ ವರ್ಷದ ಖರ್ಚು ಬೆಲೆಯ ಐದನೇ ಒಂದು. ಅದರಿಂದ ತಪ್ಪುವ ಕೊರತೆ ವರ್ಷಕ್ಕೆ 0.05. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ನಾಲ್ಕು.

‘ನಾಲ್ಕು ಪಟ್ಟಾ?’ ಅಂತ ಕುರ್ಚಿಯಲ್ಲಿ ಮುಂದೆ ಬಾಗಿದರು. ‘ಲೈನ್ ನಿಂತ್ರೆ ಹತ್ತು ಪಟ್ಟಾದ್ರೂ ಹೋಗುತ್ತೆ. ಹೊರಗೆ ಮಾಡಿಸಿ ತರಬೇಕು, ಓವರ್‌ಟೈಮ್ ಕೊಡಬೇಕು...’

ಎರಡು ಮೀಟಿಂಗಿನಲ್ಲಿ ಸಿಗದ ಅಂಕಿ ಹೀಗೆ ಬಾಯಿಗೆ ಬಂತು. ಹತ್ತು ಪಟ್ಟು ಅಂದರೆ ನಾಲ್ಕು ಶಾಫ್ಟ್ ಇಡುವುದು ಸರಿ. ಐದನೆಯದಕ್ಕೆ ಸಮರ್ಥನೆ ಬೇಕಾದರೆ ನಷ್ಟ ಸುಮಾರು 24 ಪಟ್ಟು ಇರಬೇಕು, ಆರನೆಯದಕ್ಕೆ 170 ಪಟ್ಟಿಗೂ ಮೇಲೆ. ಅದನ್ನು ಕೇಳಿ ಅವರೇ ನಕ್ಕರು.

ಒಂದು ಎಚ್ಚರಿಕೆಯನ್ನು ನಾನು ಹಾಳೆಯ ಕೆಳಗೆ ಬರೆದಿದ್ದೆ. ಒಂದೇ ವಯಸ್ಸಿನ ಯಂತ್ರಗಳು ಒಟ್ಟೊಟ್ಟಿಗೇ ಸವೆಯುತ್ತವೆ, ಆಗ ಬೇಡಿಕೆ ಒಂದರ ಹಿಂದೊಂದು ಬರುತ್ತದೆ, ಈ ನೂರು ವರ್ಷದ ಮಾತು ಸುಳ್ಳಾಗುತ್ತದೆ. ಹಾಗಾಗಿ ಯಂತ್ರಗಳಿಗೆ ಶಾಫ್ಟ್ ಹಾಕಿದ ತಾರೀಖುಗಳನ್ನೂ ಆ ಕಾರ್ಡಿನ ಹಿಂದೆ ಬರೆಯಲು ಶುರು ಮಾಡಿದೆವು.

ಹೆಚ್ಚುವರಿ ಎರಡನ್ನು ಮಾರಿಬಿಡಿ ಎಂದು ಅಕೌಂಟ್ಸ್‌ನವರು ದುಂಬಾಲು ಬಿದ್ದರು. ಮಾರಿದರೆ ಗುಜರಿ ಬೆಲೆ ಬರುತ್ತದೆ, ಮುಂದಿನ ವರ್ಷ ಅದನ್ನೇ ಪೂರ್ತಿ ಬೆಲೆಗೆ ಕೊಳ್ಳಬೇಕು. ಬೇಡ ಅಂದೆ. ಆರ್ಡರ್ ಮಾತ್ರ ನಿಲ್ಲಿಸಿದೆವು. ವರ್ಷ ತುಂಬುವಷ್ಟರಲ್ಲಿ ಆರು ತಾನಾಗಿಯೇ ನಾಲ್ಕಾಯಿತು.