ಚಳ್ಳಕೆರೆ ಬಿಸಿಲಲ್ಲಿ ಹಿತ್ತಲ ಕೋಳಿ: ನನ್ನ ಅನುಭವ

ಕೋಳಿ ಬೆವರುವುದಿಲ್ಲ. ಅದರ ಮೈಯಲ್ಲಿ ಬೆವರಿನ ಗ್ರಂಥಿಯೇ ಇಲ್ಲ. ಮೈಬಿಸಿ ಮಾತ್ರ ಯಾವಾಗಲೂ 41 ಡಿಗ್ರಿ ಆಸುಪಾಸು ಇರುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಹೊರಗಿನ ಗಾಳಿಯೇ 40ರ ಹತ್ತಿರ ಬಂದಾಗ ಆ ಬಿಸಿಯನ್ನು ಅದು ಎಲ್ಲಿಗೆ ಬಿಡಬೇಕು? ಬಾಯಿ ತೆರೆದು ಏದುಸಿರು ಬಿಡುತ್ತದೆ. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಲ್ಲುತ್ತದೆ. ಜುಟ್ಟಿನಿಂದ, ಗಲ್ಲದ ಕೆಳಗೆ ಜೋತಾಡುವ ತೊಗಲಿನಿಂದ ಒಂದಿಷ್ಟು ಬಿಸಿ ಹೊರಗೆ ಹೋಗುತ್ತದೆ. ಅದಕ್ಕೆ ಗೊತ್ತಿರುವ ದಾರಿಗಳು ಇಷ್ಟೇ. ನಮ್ಮ ಹಿತ್ತಲಲ್ಲಿ ನಾನು ಮಾಡಿಕೊಂಡಿರುವ ಏರ್ಪಾಡೆಲ್ಲ ಆ ಏದುಸಿರಿನ ಕಷ್ಟ ಕಡಿಮೆ ಮಾಡುವುದಕ್ಕೇ.

ನಮ್ಮೂರು ಚಳ್ಳಕೆರೆಯಿಂದ ನಾಯಕನಹಟ್ಟಿ ಕಡೆಗೆ. ಸುತ್ತ ಶೇಂಗಾ ಹೊಲ, ಕುರಿ ಹಿಂಡು, ಕಲ್ಲು ನೆಲ. ವರ್ಷದ ಮಳೆ 500 ಮಿಲಿಮೀಟರ್ ದಾಟಿದರೆ ಅದೇ ಒಳ್ಳೆಯ ವರ್ಷ. ಮಲೆನಾಡಿನವರು ಹೇಳಿಕೊಡುವ ಕೋಳಿ ಸಾಕಾಣಿಕೆ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಅವರಿಗೆ ತೇವದ ಚಿಂತೆ, ನಮಗೆ ಒಣಬಿಸಿಲಿನ ಚಿಂತೆ.

ಮೊದಲು ನೆರಳು. ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನ ಕೂಡಿಹಾಕುವುದಕ್ಕಿಂತ ಒಂದು ಬೇವಿನ ಮರದ ಕೆಳಗೆ ಬಿಡುವುದು ಎಷ್ಟೋ ಮೇಲು. ನಮ್ಮ ಹಿತ್ತಲಲ್ಲಿ ಒಂದು ಬೇವು, ಒಂದು ಹೊಂಗೆ ಇವೆ. ಹೊಂಗೆ ಬೇಸಿಗೆ ಶುರುವಿನಲ್ಲಿ ಎಲೆ ಉದುರಿಸಿದರೂ ಬೇಗ ಚಿಗುರಿ, ಏಪ್ರಿಲ್ ಹೊತ್ತಿಗೆ ದಟ್ಟ ನೆರಳು ಕೊಡುತ್ತದೆ. ಕೋಳಿಗಳು ಹತ್ತು ಗಂಟೆಯಾಗುತ್ತಲೇ ತಾವಾಗಿ ಅಲ್ಲಿಗೆ ಹೋಗಿ, ನೆಲ ಕೆದರಿ, ಕೆಳಗಿನ ತಂಪು ಮಣ್ಣಿಗೆ ಹೊಟ್ಟೆ ತಾಗಿಸಿ ಮಲಗುತ್ತವೆ. ಆ ಗುಂಡಿಗಳನ್ನು ಮುಚ್ಚಬೇಡಿ. ನಾನು ಬೆಳಗ್ಗೆ ಪಾತ್ರೆ ತೊಳೆದ ನೀರನ್ನು ಅಲ್ಲಿಗೇ ಚೆಲ್ಲುತ್ತೇನೆ. ಬೂದಿ ಇದ್ದರೆ ಪಕ್ಕದ ಒಣ ಜಾಗದಲ್ಲಿ ಒಂದು ಬುಟ್ಟಿ ಸುರಿಯುತ್ತೇನೆ. ಅದರಲ್ಲಿ ಹೊರಳಿ ಹೇನು ಉದುರಿಸಿಕೊಳ್ಳುತ್ತವೆ.

ಶೆಡ್ಡು ಬೇಕೇ ಬೇಕು, ಆದರೆ ಅದು ರಾತ್ರಿಗೆ. ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ. ಆಗ ಏರುವ ಬಿಸಿಲೂ ಇಳಿಯುವ ಬಿಸಿಲೂ ಬರೀ ಗಿಡ್ಡ ಗೋಡೆಗಳಿಗೆ ಬೀಳುತ್ತವೆ. ಉದ್ದದ ಎರಡೂ ಬದಿಗೆ ನಾನು ಮೊಣಕಾಲೆತ್ತರದ ಗೋಡೆ, ಅದರ ಮೇಲೆ ಪೂರ್ತಿ ಜಾಲರಿ ಹಾಕಿಸಿದ್ದೇನೆ. ಜಾಲರಿ ಕಣ್ಣು ಅರ್ಧ ಇಂಚಿನದು. ದೊಡ್ಡ ಕಣ್ಣಿನದು ಅಗ್ಗ ಅಂತ ತಂದರೆ ಮುಂಗುಸಿ, ಹಾವಿಗೆ ದಾರಿ ಮಾಡಿಕೊಟ್ಟಂತೆ. ತಗಡಿನ ಮೇಲೆ ಪ್ರತಿ ಫೆಬ್ರವರಿಯಲ್ಲಿ ಸುಣ್ಣ ಬಳಿದು, ಅದರ ಮೇಲೆ ತೆಂಗಿನ ಗರಿ ಹೊದಿಸಿ ಹಗ್ಗ ಬಿಗಿಯುತ್ತೇವೆ. ಹಿರಿಯೂರು ಕಡೆಯ ತೋಟಗಳಿಂದ ಗರಿ ಸುಲಭವಾಗಿ ಸಿಗುತ್ತದೆ. ಸಂಜೆ ಕೈ ಎತ್ತಿ ತಗಡನ್ನು ಒಳಗಿನಿಂದ ಮುಟ್ಟಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ನೀರು. ತಂಪು ಹೊತ್ತಿನಲ್ಲಿ ತಿಂದ ಮೇವಿನ ಎರಡು ಪಟ್ಟು ನೀರು ಕುಡಿಯುವ ಕೋಳಿ, ಬಿಸಿಲು ಏರಿದರೆ ನಾಲ್ಕು ಪಟ್ಟಿಗೂ ಹೋಗುತ್ತದೆ. ಆದರೆ ಬಿಸಿ ನೀರನ್ನು ಮುಟ್ಟುವುದಿಲ್ಲ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಂತಿರುತ್ತದೆ ಅಲ್ವಾ, ಅದನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿಟ್ಟರೆ ಇಟ್ಟೂ ಇಡದಂತೆಯೇ. ನಮ್ಮ ಒಣಹವೆಯಲ್ಲಿ ಮಣ್ಣಿನ ಪಾತ್ರೆಗೆ ಸಮನಾದದ್ದು ಇನ್ನೊಂದಿಲ್ಲ. ಅಗಲ ಬಾಯಿಯ ಮಡಕೆಗಳನ್ನು ಮರದ ಬುಡದಲ್ಲಿ ಅರ್ಧ ಹೂತು, ಸುತ್ತ ಒದ್ದೆ ಮರಳು ತುಂಬಿದ್ದೇನೆ. ನೀರು ಜಿನುಗಿ ಆರುತ್ತಾ ಒಳಗಿನದನ್ನು ತಂಪಾಗಿಡುತ್ತದೆ. ಒಂದೇ ಕಡೆ ಇಡಬೇಡಿ. ಜೋರಿನ ಹುಂಜವೊಂದು ಅಲ್ಲೇ ನಿಂತರೆ ಬಡಪಾಯಿ ಹ್ಯಾಟೆಗಳು ಬಾಯಾರಿಕೊಂಡೇ ಸುತ್ತುತ್ತಿರುತ್ತವೆ. ಮರಿಗಳು ಬೀಳದಂತೆ ಮಡಕೆಯೊಳಗೆ ನಾಲ್ಕು ದುಂಡು ಕಲ್ಲು ಹಾಕಿಡಿ.

ಮೇವಿನ ಹೊತ್ತು ಬದಲಿಸುವುದು ಬಹಳ ಜನಕ್ಕೆ ತಿಳಿದಿಲ್ಲ. ತಿಂದದ್ದು ಅರಗುವಾಗ ಮೈಯೊಳಗೆ ಬಿಸಿ ಹುಟ್ಟುತ್ತದೆ. ಒಂಬತ್ತು ಗಂಟೆಗೆ ಹೊಟ್ಟೆ ತುಂಬಾ ಕಾಳು ತಿಂದ ಕೋಳಿಗೆ ಮಧ್ಯಾಹ್ನದ ಬಿಸಿಲು ಎರಡು ಕಡೆಯಿಂದ ಬಡಿಯುತ್ತದೆ. ಅದಕ್ಕೇ ಮಾರ್ಚ್‌ನಿಂದ ನಾನು ಬೆಳಕು ಹರಿಯುವ ಮೊದಲೇ ಒಂದು ಸಲ, ಸಂಜೆ ಬಿಸಿಲು ಇಳಿದ ಮೇಲೆ ಒಂದು ಸಲ ಹಾಕುತ್ತೇನೆ. ನಡುವೆ ನುಗ್ಗೆ ಸೊಪ್ಪು, ಸೌತೆ ಸಿಪ್ಪೆ, ಕಲ್ಲಂಗಡಿ ಸಿಪ್ಪೆ ಮಾತ್ರ. ಕಾಳಿಗೆ ದಾವಣಗೆರೆ ಕಡೆಯ ಮೆಕ್ಕೆಜೋಳದ ನುಚ್ಚು, ಸಜ್ಜೆ, ನವಣೆ. ಬೇಸಿಗೆಯಲ್ಲಿ ಮೊಟ್ಟೆ ಸಿಪ್ಪೆ ತೆಳ್ಳಗಾಗುವುದಕ್ಕೂ ಏದುಸಿರೇ ಕಾರಣ. ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಟುಹೋಗಿ ಸಿಪ್ಪೆ ಕಟ್ಟುವುದಕ್ಕೆ ಕೊರತೆಯಾಗುತ್ತದೆ. ಸಿಪ್ಪೆ ಕಟ್ಟುವುದು ಹೆಚ್ಚಾಗಿ ರಾತ್ರಿ. ಹಾಗಾಗಿ ಕಪ್ಪೆಚಿಪ್ಪಿನ ಪುಡಿಯನ್ನು ಸಂಜೆ ಮೇವಿನ ಪಕ್ಕ ಬೇರೆ ಬಟ್ಟಲಲ್ಲಿ ಇಡುತ್ತೇನೆ.

ಶೇಂಗಾ ಹಿಂಡಿಯ ಬಗ್ಗೆ ಸ್ವಲ್ಪ ಹೆಚ್ಚಾಗಿ ಹೇಳಬೇಕು. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಹಿಂಡಿ ಎಲ್ಲರ ಮನೆಯಲ್ಲೂ ಇರುತ್ತದೆ. ಕೋಳಿಗೆ ಅದು ಒಳ್ಳೆಯ ಮೇವೇ. ಆದರೆ ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಅದು ಕೋಳಿಯ ಈಲಿಯನ್ನೇ (ಲಿವರ್) ಹಾಳುಮಾಡುತ್ತದೆ, ಮರಿಗಳು ಮೊದಲು ಸಾಯುತ್ತವೆ. ಬಿಸಿಲಿಗೆ ಒಣಗಿಸಿದರೂ, ಕುದಿಸಿದರೂ ಆ ವಿಷ ಹೋಗುವುದಿಲ್ಲ. ಎಮ್ಮೆಗೆ ಹಾಕಿ ಉಳಿದದ್ದು, ಮೂಲೆಯಲ್ಲಿ ಬಿದ್ದಿದ್ದು ಅಂತ ಕೋಳಿಗೆ ಸುರಿಯಬೇಡಿ. ಮುರಿದಾಗ ಒಳಗೆ ಹಸಿರು, ಕಪ್ಪು ಚುಕ್ಕೆ ಕಂಡರೆ, ಮುಗ್ಗಲು ವಾಸನೆ ಬಂದರೆ ಗುಂಡಿಗೆ ಹಾಕಿ ಮುಚ್ಚಿಬಿಡಿ.

ಜನ ಒಣ ಬಿಸಿಲಿಗೆ ಹೆದರುತ್ತಾರೆ. ನಾನು ಹೆದರುವುದು ಮೇ ತಿಂಗಳ ಮೋಡದ ಸಂಜೆಗೆ. ಮಳೆ ಬರುವಂತೆ ಕವಿದಿರುತ್ತದೆ, ಬರುವುದಿಲ್ಲ. ಎಲೆ ಅಲ್ಲಾಡುವುದಿಲ್ಲ. ಗಾಳಿಯಲ್ಲಿ ತೇವ ತುಂಬಿದಾಗ ಏದುಸಿರಿನಿಂದ ನೀರು ಆರುವುದೇ ಇಲ್ಲ, ಮೈ ತಣಿಯುವುದಿಲ್ಲ. ಒಣಹವೆಯಲ್ಲಿ ಜಾಲರಿಗೆ ಒದ್ದೆ ಗೋಣಿತಾಟು ಕಟ್ಟಿದರೆ ಒಳಗೆ ಹಿತವಾಗಿರುತ್ತದೆ. ಇಂಥ ಸಂಜೆ ಅದೇ ತಾಟನ್ನು ಬಿಚ್ಚಿಹಾಕಬೇಕು, ನೀರು ಚಿಮುಕಿಸುವುದನ್ನೂ ನಿಲ್ಲಿಸಬೇಕು. ಆಗ ಬೇಕಾದ್ದು ಗಾಳಿ. ಶೆಡ್ಡಿಗೆ ಒಂದು ಫ್ಯಾನು, ಇಲ್ಲದಿದ್ದರೆ ಕೋಳಿಗಳನ್ನು ತಡವಾಗಿ ಒಳಗೆ ಕೂಡುವುದು. ಕತ್ತು ಚಾಚಿ ಮಲಗಿಬಿಟ್ಟ ಕೋಳಿ ಕಂಡರೆ ನೆರಳಿಗೆ ತಂದು, ಕಾಲು ಮತ್ತು ರೆಕ್ಕೆಯ ಅಡಿಭಾಗವನ್ನು ಸಾಧಾರಣ ತಂಪಿನ ನೀರಿನಿಂದ ಒದ್ದೆ ಮಾಡಿ ಗಾಳಿ ಬೀಸಿ. ಫ್ರಿಜ್ಜಿನ ನೀರು ಬೇಡ. ಬಾಯಿಗೆ ಒತ್ತಾಯವಾಗಿ ಹುಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಕೊಕ್ಕಿನ ತುದಿ ನೀರಿಗೆ ಮುಟ್ಟಿಸಿದರೆ ಅದೇ ಕುಡಿಯುತ್ತದೆ.

ಕಾವಿಗೆ ಕೂರಿಸುವ ಕಾಲವನ್ನು ನನಗೆ ಕಲಿಸಿದ್ದು ನಮ್ಮತ್ತೆ. "ದೀಪಾವಳಿ ಆದ್ಮೇಲೆ ಕೂರ್ಸವ್ವ, ಶಿವರಾತ್ರಿ ದಾಟಿದ್ಮೇಲೆ ಬ್ಯಾಡ" ಅನ್ನುತ್ತಿದ್ದರು. ಅದರಲ್ಲಿ ಗಟ್ಟಿ ಕಾರಣವಿದೆ. ಮರಿಗಳಿಗೆ ಮೊದಲ ವಾರ ಬಿಸಿ ಬೇಕೇ ಬೇಕು. ಆದರೆ ಬಿಸಿಲಿನಿಂದ ಕಷ್ಟವಾಗುವುದು ತಾಯಿಗೆ. 21 ದಿನ ಕದಲದೆ ಕೂರುವ ಹ್ಯಾಟೆ ಏಪ್ರಿಲ್ ಬಿಸಿಲಲ್ಲಿ ಬುಟ್ಟಿಯಲ್ಲೇ ಸೊರಗಿ ಹೋಗುತ್ತದೆ. ಇಟ್ಟ ಮೊಟ್ಟೆಗಳದೂ ತೊಂದರೆಯೇ. ಬಿಸಿ ಕೋಣೆಯಲ್ಲಿ ಬಿದ್ದಿದ್ದರೆ ಕಾವು ಸಿಗುವ ಮೊದಲೇ ಒಳಗೆ ಬೆಳವಣಿಗೆ ಶುರುವಾಗಿ ನಡುವೆ ನಿಂತುಬಿಡುತ್ತದೆ. ಹಾಗಾಗಿ ದಿನಕ್ಕೆ ಎರಡು ಮೂರು ಸಲ ಮೊಟ್ಟೆ ತೆಗೆದು, ನೀರಿನ ಹರವಿ ಪಕ್ಕದ ಮರಳಿನ ಮೇಲೆ ಇಡುತ್ತೇನೆ. ವಾರಕ್ಕಿಂತ ಹಳೆಯದನ್ನು ಕಾವಿಗೆ ಇಡುವುದಿಲ್ಲ.

ಒಣಸೀಮೆಯ ಇನ್ನೊಂದು ಶತ್ರು ಉಣುಗು. ಬೆಳೆದ ಉಣುಗು ಹಗಲು ಕೋಳಿ ಮೈಮೇಲೆ ಹುಡುಕಿದರೆ ಸಿಗುವುದಿಲ್ಲ. ಮಣ್ಣುಗೋಡೆಯ ಬಿರುಕು, ಮರದ ಸಂದುಗಳಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ಹೋಗುತ್ತದೆ. ತಿನ್ನಲು ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತದೆ. ಹಾಗಾಗಿ ಶೆಡ್ಡು ಸುಮ್ನೆ ಖಾಲಿ ಬಿಟ್ಟರೆ ಪ್ರಯೋಜನವಿಲ್ಲ. ಜುಟ್ಟು ಬಿಳಿಚಿ, ಕೋಳಿ ಮಂಕಾಗಿದ್ದರೆ ರಾತ್ರಿ ಬ್ಯಾಟರಿ ಹಿಡಿದು ಕೂರುವ ಕೋಲಿನ ತುದಿಗಳನ್ನು ನೋಡಿ. ನಾನು ಬಿರುಕುಗಳಿಗೆಲ್ಲ ಸಿಮೆಂಟು ತುಂಬಿಸಿ, ಸುಣ್ಣ ಬಳಿಸಿದೆ. ಕೋಲುಗಳನ್ನು ಗೋಡೆಗೆ ತಾಗಿಸದೆ ತಂತಿಯಲ್ಲಿ ತೂಗುಹಾಕಿ, ತಂತಿಗೆ ಹಳೆ ಎಂಜಿನ್ ಆಯಿಲ್ ಸವರಿದ ಬಟ್ಟೆ ಸುತ್ತಿದ್ದೇನೆ.

ತಳಿ ಕೇಳುವವರಿಗೆ ನಾನು ಹೇಳುವುದು ಬೋಳು ಕತ್ತಿನ ನಾಟಿ ಕೋಳಿ. ಗರಿ ಕಡಿಮೆ, ಬಿಸಿ ಬೇಗ ಹೋಗುತ್ತದೆ. ಅಂಥ ಹುಂಜ ಒಂದನ್ನು ತಂದರೂ ಸಾಕು, ಮಾಮೂಲಿ ಹ್ಯಾಟೆಗಳಿಗೆ ಹುಟ್ಟುವ ಮರಿಗಳಲ್ಲಿ ಅರ್ಧದಷ್ಟಾದರೂ ಬೋಳು ಕತ್ತಿನವಾಗುತ್ತವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ, ಸ್ವರ್ಣಧಾರಾ ಮೊಟ್ಟೆ ಜಾಸ್ತಿ ಕೊಡುತ್ತವೆ. ಆದರೆ ಅವು ಭಾರದ ಮೈಯವು, ಮಧ್ಯಾಹ್ನ ಮೊದಲು ಸುಸ್ತಾಗುವುದು ಅವೇ. ಕಾವಿಗೂ ಕೂರುವುದಿಲ್ಲ. ನಾಲ್ಕಾರು ಇದ್ದರೆ ಸಾಕು.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮಾತ್ರ ತಪ್ಪಿಸಬೇಡಿ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಲಸೋಟಾ ಹನಿ, ಎರಡು ತಿಂಗಳ ಹೊತ್ತಿಗೆ ರೆಕ್ಕೆಯಡಿ ಚುಚ್ಚುಮದ್ದು. ಬಾಟಲಿ ಸಾಮಾನ್ಯವಾಗಿ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹಿತ್ತಲಲ್ಲಿ ಹತ್ತು ಹದಿನೈದು ಕೋಳಿ ಇರುವವರು ಇದೇ ಕಾರಣಕ್ಕೆ ಹಾಕಿಸುವುದನ್ನು ಬಿಟ್ಟುಬಿಡುತ್ತಾರೆ. ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ಒಂದು ದಿನ ಗೊತ್ತು ಮಾಡಿಕೊಳ್ಳುತ್ತೇವೆ. ಹಿಂದಿನ ರಾತ್ರಿಯೇ ಕೋಳಿಗಳನ್ನು ಮಂಕರಿಯಡಿ ಮುಚ್ಚಿಡುತ್ತೇವೆ. ಪಶು ಆಸ್ಪತ್ರೆಯಿಂದ ಐಸ್ ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆ ಬರುತ್ತದೆ, ಮನೆಯಿಂದ ಮನೆಗೆ ನಡೆದು, ಬಿಸಿಲು ಏರುವ ಮೊದಲೇ ಎಲ್ಲರದ್ದೂ ಮುಗಿಸುತ್ತೇವೆ.