ಪಿಐಡಿ ನಂಬರ್ ತಿರುವುವ ಮುನ್ನ ಡೆಡ್ ಟೈಮ್ ಅಳೆಯಿರಿ

ಫ್ಯಾನ್ ಇರುವ ಒಂದು ಸಣ್ಣ ಡ್ರೈಯರ್ ಪೆಟ್ಟಿಗೆ, 1 ಕಿಲೋವ್ಯಾಟ್ ಹೀಟರ್, ಕೆ ಟೈಪ್ ಥರ್ಮೋಕಪಲ್ (ಉಷ್ಣಾಂಶ ಅಳೆಯುವ ಸೆನ್ಸರ್), ಎಸ್‌ಎಸ್‌ಆರ್ (ಹೀಟರನ್ನು ಆನ್ ಆಫ್ ಮಾಡುವ ಎಲೆಕ್ಟ್ರಾನಿಕ್ ರಿಲೇ), ಪಿಐಡಿ ಕಂಟ್ರೋಲರ್. ಬೇಕಾದ ಉಷ್ಣಾಂಶಕ್ಕೂ ಇರುವುದಕ್ಕೂ ನಡುವಿನ ವ್ಯತ್ಯಾಸ ನೋಡಿ ಈ ಕಂಟ್ರೋಲರ್ ಪವರ್ ಹೊಂದಿಸುತ್ತದೆ: ಪಿ (ಪ್ರಪೋರ್ಷನಲ್) ಈಗಿನ ವ್ಯತ್ಯಾಸಕ್ಕೆ ತಕ್ಕಂತೆ, ಐ (ಇಂಟಿಗ್ರಲ್) ಕೂಡುತ್ತ ಬಂದ ವ್ಯತ್ಯಾಸಕ್ಕೆ ತಕ್ಕಂತೆ, ಡಿ (ಡಿರೈವೇಟಿವ್) ಅದು ಬದಲಾಗುವ ವೇಗಕ್ಕೆ ತಕ್ಕಂತೆ. ಒಳಗೆ 80 ಡಿಗ್ರಿ ನಿಲ್ಲಬೇಕು. ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮಟ್ಟ, ಒತ್ತಡ, ವೇಗದ ಲೂಪುಗಳಿಗೂ (ಅಳೆದು ತಿದ್ದುವ ಸುತ್ತುಗಳಿಗೂ) ಲೆಕ್ಕದ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ವೈರಿಂಗ್. ಥರ್ಮೋಕಪಲ್‌ನ ಪ್ಲಸ್ ಮೈನಸ್ ಅದಲುಬದಲಾಗಿದ್ದರೆ ಪೆಟ್ಟಿಗೆ ಕಾದಂತೆಲ್ಲ ರೀಡಿಂಗ್ ಇಳಿಯುತ್ತದೆ, ಕಂಟ್ರೋಲರ್ ಪಾಪ ಇನ್ನಷ್ಟು ಪವರ್ ಕೊಡುತ್ತದೆ. ಸೆನ್ಸರ್ ಜಾರಿ ಹೊರಗೆ ಬಿದ್ದರೂ ಗತಿ ಅದೇ. ಎಸ್‌ಎಸ್‌ಆರ್ ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗಿ, ಆನ್ ಆಗಿಯೇ ಉಳಿಯುತ್ತದೆ. ಹಾಗಾಗಿ ಹೀಟರ್ ಲೈನಿನಲ್ಲಿ ಕಂಟ್ರೋಲರ್‌ಗೆ ಸಂಬಂಧವೇ ಇಲ್ಲದ ಒಂದು ಥರ್ಮಲ್ ಕಟ್‌ಔಟ್ (ಮಿತಿ ಮೀರಿ ಕಾದರೆ ಕರೆಂಟ್ ಕಡಿಯುವ ಸ್ವಿಚ್) ಇರಲೇಬೇಕು. ಇದರಲ್ಲಿ ಚೌಕಾಸಿ ಬೇಡ.

ಈಗ ಪರೀಕ್ಷೆ. ಕಂಟ್ರೋಲರನ್ನು ಮ್ಯಾನುಯಲ್‌ಗೆ ಹಾಕಿ ಔಟ್‌ಪುಟ್ (ಹೀಟರಿಗೆ ಹೋಗುವ ಪವರ್) 40% ಇಡಿ. ಉಷ್ಣಾಂಶ ಅಲುಗಾಡದೆ ನಿಲ್ಲುವವರೆಗೆ ಕಾಯಿರಿ. ನಮ್ಮ ಪೆಟ್ಟಿಗೆ 80ರಲ್ಲಿ ನಿಂತಿತು ಎನ್ನಿ. ಒಮ್ಮೆಗೇ 50%ಗೆ ಏರಿಸಿ, ಐದೈದು ಸೆಕೆಂಡಿಗೆ ರೀಡಿಂಗ್ ಬರೆದುಕೊಳ್ಳಿ. ಮೊದಲ 20 ಸೆಕೆಂಡು ಏನೂ ಆಗುವುದಿಲ್ಲ: ಅದು ಡೆಡ್ ಟೈಮ್. ಆಮೇಲೆ ಏರುತ್ತ ಏರುತ್ತ ಸುಮಾರು 25 ನಿಮಿಷಕ್ಕೆ 93ರಲ್ಲಿ ನಿಲ್ಲುತ್ತದೆ. 10%ಗೆ 13 ಡಿಗ್ರಿ, ಅಂದರೆ ಪೆಟ್ಟಿಗೆಯ ಗೇನ್ (1% ಪವರ್‌ಗೆ ಏರುವ ಡಿಗ್ರಿ) 1.3. ಆ 13ರಲ್ಲಿ 63% ಎಂದರೆ 8.2, 88.2 ಡಿಗ್ರಿ ಮುಟ್ಟಿದ್ದು 320ನೇ ಸೆಕೆಂಡಿಗೆ. ಡೆಡ್ ಟೈಮ್ ಕಳೆದರೆ ಟೈಮ್ ಕಾನ್ಸ್‌ಟಂಟ್, ಅಂದರೆ ಆ 63% ಏರಲು ಹಿಡಿದ ಸಮಯ, 300 ಸೆಕೆಂಡು. ನಡುವೆ ಯಾರಾದರೂ ಬಾಗಿಲು ತೆಗೆದರೆ ಆ ಪರೀಕ್ಷೆ ದಂಡ, ಮತ್ತೆ ಮಾಡಿ.

1942ರಲ್ಲಿ ಝೀಗ್ಲರ್ ಮತ್ತು ನಿಕೋಲ್ಸ್ ಎಂಬ ಎಂಜಿನಿಯರುಗಳು ಕೊಟ್ಟ ಸೂತ್ರ ಈಗಲೂ ಎಲ್ಲರ ಬಾಯಲ್ಲಿದೆ. ಪಿಐಗೆ (ಡಿ ಇಲ್ಲದ ಕಂಟ್ರೋಲರ್‌ಗೆ) ಅದರ ಪ್ರಕಾರ ಕಂಟ್ರೋಲರಿನ ಗೇನ್ (ಒಂದು ಡಿಗ್ರಿ ವ್ಯತ್ಯಾಸಕ್ಕೆ ಕೊಡುವ ಪವರ್ %) = 0.9 × 300 ÷ (1.3 × 20), ಸುಮಾರು 10.4, ಇಂಟಿಗ್ರಲ್ ಸಮಯ (ಚಿಕ್ಕದಾದಷ್ಟೂ ಐ ಚುರುಕು) 20ರ 3.33 ಪಟ್ಟು, ಅಂದರೆ 67 ಸೆಕೆಂಡು. ಆದರೆ ಅವರು ಗುರಿಯಿಟ್ಟದ್ದು ಪ್ರತಿ ಅಲೆ ಹಿಂದಿನದರ ಕಾಲು ಭಾಗಕ್ಕಿಳಿಯುವ ಓಲಾಟಕ್ಕೆ. ಡ್ರೈಯರ್‌ಗೆ ಆ ಓಲಾಟ ಯಾಕೆ? ನಾರ್ವೆಯ ಪ್ರಾಧ್ಯಾಪಕ ಸ್ಕೋಗೆಸ್ಟಾಡ್ ಅವರ ನಿಯಮ ಇಲ್ಲಿ ವಾಸಿ: ಗೇನ್ = 300 ÷ (1.3 × 40), ಸುಮಾರು 5.8. ಕೆಳಗಿನ 40 ಎಂದರೆ ಡೆಡ್ ಟೈಮಿನ ಎರಡು ಪಟ್ಟು. ಇಂಟಿಗ್ರಲ್ ಸಮಯಕ್ಕೆ ಟೈಮ್ ಕಾನ್ಸ್‌ಟಂಟ್ ಅಥವಾ ಡೆಡ್ ಟೈಮಿನ ಎಂಟು ಪಟ್ಟು, ಯಾವುದು ಚಿಕ್ಕದೋ ಅದು. ಇಲ್ಲಿ 160 ಸೆಕೆಂಡು. ಈ ಸೆಟ್ಟಿಂಗಿನಲ್ಲಿ ಗೇನ್ ಇನ್ನೂ ಸುಮಾರು ಮೂರು ಪಟ್ಟಾಗುವವರೆಗೆ ಲೂಪ್ ಹದ ತಪ್ಪುವುದಿಲ್ಲ. ನಿಮ್ಮ ಕಂಟ್ರೋಲರ್ ಗೇನ್ ಬದಲು ಪ್ರಪೋರ್ಷನಲ್ ಬ್ಯಾಂಡ್ (ಪವರ್ 0ಯಿಂದ 100%ಗೆ ಹೋಗುವ ಉಷ್ಣಾಂಶದ ಅಗಲ) ಕೇಳಿದರೆ 100 ÷ 5.8, ಸುಮಾರು 17 ಡಿಗ್ರಿ ಕೊಡಿ. ಗೇನ್ ಹೆಚ್ಚಿದರೆ ಬ್ಯಾಂಡ್ ಕಿರಿದಾಗುತ್ತದೆ. ಇದನ್ನು ಉಲ್ಟಾ ತಿರುಗಿಸಿ ತಲೆ ಕೆಡಿಸಿಕೊಳ್ಳುವವರು ಬಹಳ.

ಬರೀ ಪಿ ಸಾಲದೆ? ಸಾಲದು. 80ರಲ್ಲಿ ನಿಲ್ಲಲು 40% ಪವರ್ ಬೇಕು, ಆದರೆ ಪಿ ಪವರ್ ಕೊಡುವುದು ವ್ಯತ್ಯಾಸ ಉಳಿದಿದ್ದರೆ ಮಾತ್ರ. 26 ಡಿಗ್ರಿಯ ಕೋಣೆಯಲ್ಲಿ ಈ ಗೇನ್‌ನೊಂದಿಗೆ ಪೆಟ್ಟಿಗೆ 74ರ ಹತ್ತಿರವೇ ನಿಂತುಬಿಡುತ್ತದೆ. ಉಳಿದ ಆರು ಡಿಗ್ರಿ ತುಂಬಿಸುವುದು ಇಂಟಿಗ್ರಲ್‌ನ ಕೆಲಸ.

ಇಂಟಿಗ್ರಲ್‌ಗೆ ಒಂದು ಕೆಟ್ಟ ಚಾಳಿಯೂ ಇದೆ. ತಣ್ಣಗಿರುವಾಗ ಶುರು ಮಾಡಿದರೆ ಹೀಟರ್ 100%ನಲ್ಲಿ ಓಡುತ್ತ 80 ಮುಟ್ಟಲು ಸುಮಾರು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಇಂಟಿಗ್ರಲ್ ಸುಮ್ಮನೆ ಲೆಕ್ಕ ಕೂಡಿಸುತ್ತ ಹೋಗಿ, 80 ಮುಟ್ಟುವ ಹೊತ್ತಿಗೆ ಖಾತೆಯಲ್ಲಿ ಸುಮಾರು 180% ಸೇರಿರುತ್ತದೆ. ಬೇಕಿದ್ದದ್ದು 40. ಹೆಚ್ಚುವರಿ ಕರಗುವವರೆಗೆ ಉಷ್ಣಾಂಶ ಸೆಟ್‌ಪಾಯಿಂಟಿನ (ಗುರಿಯಿಟ್ಟ 80ರ) ಮೇಲೇ ತೇಲುತ್ತದೆ. ಇದೇ ವೈಂಡ್‌ಅಪ್. ಔಟ್‌ಪುಟ್ ಮಿತಿಗೆ ತಗುಲಿದಾಗ ಕೂಡಿಸುವುದನ್ನು ನಿಲ್ಲಿಸುವ ಆಂಟಿ-ವೈಂಡ್‌ಅಪ್ ಆನ್ ಇದೆಯೇ ನೋಡಿ. ಸ್ವಂತ ಕೋಡ್ ಬರೆಯುವವರು ಮೊದಲು ಮರೆಯುವುದೇ ಇದನ್ನು.

ಡಿರೈವೇಟಿವ್ ಇಲ್ಲಿ ಸೊನ್ನೆ ಇರಲಿ. ರೀಡಿಂಗಿನ ನಡುಕವನ್ನೇ ಅದು ಹಿಗ್ಗಿಸಿ ಔಟ್‌ಪುಟ್ಟನ್ನು ಕುಣಿಸುತ್ತದೆ.

ಸೈಕಲ್ ಟೈಮ್ (ಒಂದು ಆನ್-ಆಫ್ ಸುತ್ತಿನ ಸಮಯ) ಎಸ್‌ಎಸ್‌ಆರ್‌ಗೆ 2 ಸೆಕೆಂಡು ಸಾಕು. ಮಾಮೂಲಿ ರಿಲೇ ಹಾಕಿದ್ದರೆ ಕಾಂಟ್ಯಾಕ್ಟ್ ಸುಡದಿರಲೆಂದು 20 ಸೆಕೆಂಡು ಇಡುತ್ತಾರೆ, ಆದರೆ ಅದರ ಸುಮಾರು ಅರ್ಧ ಡೆಡ್ ಟೈಮಿಗೆ ಸೇರುತ್ತದೆ. ಆಗ 20 ಅಲ್ಲ, 30 ಹಿಡಿದು ಮತ್ತೆ ಲೆಕ್ಕ ಮಾಡಿ: ಗೇನ್ 3.8, ಇಂಟಿಗ್ರಲ್ 240. ಸೆನ್ಸರನ್ನು ದಪ್ಪ ಕವಚದೊಳಗೆ ಹಾಕಿದರೂ, ಹೀಟರಿನಿಂದ ದೂರ ಸರಿಸಿದರೂ ಪರೀಕ್ಷೆ ಮತ್ತೆ ಮಾಡಬೇಕು. ನಿನ್ನೆವರೆಗೆ ಸರಿಯಿದ್ದ ಲೂಪ್ ಇವತ್ತು ಓಲಾಡತೊಡಗಿದರೆ ನಂಬರ್ ಮುಟ್ಟುವ ಮುನ್ನ ಫ್ಯಾನ್ ತಿರುಗುತ್ತಿದೆಯೇ, ಸೆನ್ಸರ್ ಇದ್ದಲ್ಲೇ ಇದೆಯೇ ನೋಡಿ.